ಲಂಡನ್ನಿನಿಂದ ಪ್ಯಾರಿಸ್ಸಿಗೆ ಎಷ್ಟು ಹೊತ್ತು?

ಮಗಳ ಬಾಣಂತನಕ್ಕೆಂದೋ, ಮಗನ ಸಂಸಾರ ನೋಡಲೆಂದೋ ಲಂಡನ್ನಿಗೆ ಹೋಗಿಬರುವ ತಾಯಂದಿರು ಈಗ ನಮ್ಮ ಸಣ್ಣ ಊರುಗಳಲ್ಲೂ ಇದ್ದಾರೆ. ಅಲ್ಲಿ ನಾಲ್ಕು ದಿನ ಕಳೆಯುವಷ್ಟರಲ್ಲಿ, "ಅಮ್ಮಾ, ಇಷ್ಟು ದೂರ ಬಂದಿದ್ದೀಯ, ಪ್ಯಾರಿಸ್ ನೋಡ್ಕೊಂಡು ಬರೋಣ" ಎಂಬ ಮಾತು ಬಂದೇ ಬರುತ್ತದೆ. ನೀವೂ ಹೊರಡುವವರಾದರೆ ಇದನ್ನು ಈಗಲೇ ಓದಿಡಿ.

ನಕ್ಷೆಯ ಮೇಲೆ ದಾರ ಹಿಡಿದು ಅಳೆದರೆ ಎರಡು ನಗರಗಳ ನಡುವೆ ಸುಮಾರು 340 ಕಿಲೋಮೀಟರು. ರೈಲಿನ ಹಳಿ ಹಿಡಿದರೆ 490ರ ಹತ್ತಿರ. ಈ ದೂರವನ್ನು ಯೂರೋಸ್ಟಾರ್ ರೈಲು ಎರಡೂಕಾಲು ಗಂಟೆ, ಹೆಚ್ಚೆಂದರೆ ಎರಡೂವರೆ ಗಂಟೆಯಲ್ಲಿ ಮುಗಿಸುತ್ತದೆ. ಬಯಲಿನಲ್ಲಿ ಅದರ ವೇಗ ಗಂಟೆಗೆ 300 ಕಿಲೋಮೀಟರು!

ನಡುವೆ ಸಮುದ್ರ ಇದೆಯಲ್ಲ ಅಂತೀರಾ? ಇಂಗ್ಲಿಷ್ ಕಡಲ್ಗಾಲುವೆಯ ತಳಕ್ಕಿಂತಲೂ ಕೆಳಗೆ ಸುರಂಗ ಕೊರೆದಿದ್ದಾರೆ. ಉದ್ದ 50 ಕಿಲೋಮೀಟರು, ಅದರಲ್ಲಿ 38 ಕಡಲಿನಡಿಯಲ್ಲೇ. 1994ರ ಮೇ 6ರಂದು ಎಲಿಜಬೆತ್ ರಾಣಿಯೂ ಫ್ರಾನ್ಸಿನ ಅಧ್ಯಕ್ಷ ಮಿತ್ತರಾಂ ಅವರೂ ಸೇರಿ ಉದ್ಘಾಟಿಸಿದರು. ಸುರಂಗ ದಾಟಲು ಇಪ್ಪತ್ತು ನಿಮಿಷ ಸಾಕು. ಕಿಟಕಿಯಾಚೆ ಮೀನು ಕಾಣುತ್ತದೆಂದು ಮೊಮ್ಮಕ್ಕಳಿಗೆ ಆಸೆ ಹುಟ್ಟಿಸಬೇಡಿ, ಬರೀ ಕತ್ತಲೆ!

ಮೊದಮೊದಲು ಇದೇ ಪ್ರಯಾಣಕ್ಕೆ ಮೂರು ಗಂಟೆ ಹಿಡಿಯುತ್ತಿತ್ತು. ಫ್ರಾನ್ಸಿನಲ್ಲಿ ಹೊಸ ಹಳಿ ಸಿದ್ಧವಿದ್ದರೂ ಇಂಗ್ಲೆಂಡಿನಲ್ಲಿ ಹಳೆಯ ಹಳಿಯ ಮೇಲೇ ರೈಲು ತೆವಳಬೇಕಿತ್ತು. ಹೊರಡುತ್ತಿದ್ದುದು ವಾಟರ್‌ಲೂ ನಿಲ್ದಾಣದಿಂದ. ನೆಪೋಲಿಯನ್ ಸೋತ ಯುದ್ಧದ ಹೆಸರಿನ ನಿಲ್ದಾಣದಲ್ಲೇ ಫ್ರೆಂಚರು ಬಂದಿಳಿಯಬೇಕಿತ್ತು, ಪಾಪ! 2007ರ ನವೆಂಬರಿನಲ್ಲಿ ಹೊಸ ಹಳಿ ಪೂರ್ತಿಯಾಗಿ, ರೈಲು ಸೇಂಟ್ ಪ್ಯಾಂಕ್ರಾಸಿಗೆ ಬಂತು.

ವಿಮಾನ ಒಂದೂಕಾಲು ಗಂಟೆಯಲ್ಲಿ ಹೋಗುತ್ತದೆ, ನಿಜ. ಆದರೆ ವಿಮಾನ ನಿಲ್ದಾಣಗಳು ಊರಾಚೆ. ಹೋಗುವುದು, ಕಾಯುವುದು, ಅಲ್ಲಿಂದ ಊರೊಳಗೆ ಬರುವುದು ಎಲ್ಲ ಸೇರಿದರೆ ಅರ್ಧ ದಿನ ಹೋಯಿತೆಂದೇ ತಿಳಿಯಿರಿ. ರೈಲಾದರೆ ಊರ ನಡುವೆ ಹತ್ತಿ ಊರ ನಡುವೆಯೇ ಇಳಿಯುತ್ತೀರಿ. ಬಸ್ಸು ಅಗ್ಗ, ಆದರೆ ಎಂಟೊಂಬತ್ತು ಗಂಟೆ ಕೂರಬೇಕು. ಮಂಡಿನೋವಿನವರಿಗೆ ನಾನಂತೂ ಹೇಳಲಾರೆ.

ಇನ್ನು ಮುಖ್ಯ ಮಾತು. ಬ್ರಿಟನ್ನಿನ ವೀಸಾ ಫ್ರಾನ್ಸಿನಲ್ಲಿ ನಡೆಯುವುದಿಲ್ಲ. ಅದಕ್ಕೆ ಷೆಂಗೆನ್ ವೀಸಾ ಬೇರೆಯೇ ಬೇಕು. ಲಂಡನ್ನಿಗೆ ಹೋದಮೇಲೆ ಮಾಡಿಸೋಣ ಎಂದುಕೊಂಡರೆ ಬಹಳ ಕಷ್ಟ. ಇಲ್ಲಿಂದಲೇ ಮಾಡಿಸಿಕೊಂಡು ಹೋಗಿ. ಫ್ರಾನ್ಸಿನ ಅಧಿಕಾರಿಗಳು ಲಂಡನ್ ನಿಲ್ದಾಣದಲ್ಲೇ ಪಾಸ್‌ಪೋರ್ಟ್ ನೋಡುತ್ತಾರೆ. ವೀಸಾ ಇಲ್ಲದಿದ್ದರೆ ಮಗ, ಸೊಸೆ, ಮೊಮ್ಮಕ್ಕಳು ರೈಲು ಹತ್ತುವಾಗ ನೀವೊಬ್ಬರೇ ಚೀಲ ಹಿಡಿದು ಮನೆಗೆ ಮರಳಬೇಕಾದೀತು. ಬ್ರಿಟನ್ನಿನ ವೀಸಾದಲ್ಲಿ ಮತ್ತೆ ಒಳಬರಲು ಅವಕಾಶ ಇದೆಯೇ ಎಂಬುದನ್ನೂ ಮಗನಿಂದ ಓದಿಸಿ ತಿಳಿದುಕೊಳ್ಳಿ. ತಪಾಸಣೆಗೆಂದು ಒಂದೂವರೆ ಗಂಟೆ ಮೊದಲೇ ನಿಲ್ದಾಣದಲ್ಲಿರಿ.

ಬುತ್ತಿಯ ವಿಷಯ: ಬ್ರಿಟನ್ ಯೂರೋಪಿನ ಒಕ್ಕೂಟ ಬಿಟ್ಟ ಮೇಲೆ, 2021ರಿಂದ, ಅಲ್ಲಿಂದ ಫ್ರಾನ್ಸಿಗೆ ಮಾಂಸವಾಗಲಿ ಹಾಲಿನ ಪದಾರ್ಥವಾಗಲಿ ಒಯ್ಯುವಂತಿಲ್ಲ. ಮೊಸರನ್ನ, ಪೇಡ, ತುಪ್ಪದ ಡಬ್ಬಿ ಮನೆಯಲ್ಲೇ ಇರಲಿ. ಚಿತ್ರಾನ್ನ, ಚಟ್ನಿಪುಡಿ ಸವರಿದ ಚಪಾತಿ, ಒಗ್ಗರಣೆ ಅವಲಕ್ಕಿ ಕಟ್ಟಿಕೊಳ್ಳಿ. ಒಗ್ಗರಣೆಗೆ ಎಣ್ಣೆಯೇ ಸಾಕು.

ಗಡಿಯಾರದ ಚಮತ್ಕಾರವೂ ಒಂದಿದೆ. ಪ್ಯಾರಿಸ್ಸಿನ ವೇಳೆ ಲಂಡನ್ನಿಗಿಂತ ಒಂದು ಗಂಟೆ ಮುಂದೆ. ಬೆಳಿಗ್ಗೆ ಹತ್ತಕ್ಕೆ ಹೊರಟ ರೈಲು ಎರಡೂಕಾಲು ಗಂಟೆ ಓಡಿದರೂ ಅಲ್ಲಿನ ಗಡಿಯಾರ ಒಂದೂಕಾಲು ತೋರಿಸುತ್ತದೆ. ಊಟಕ್ಕೆ ತಡವಾಯಿತೆಂದು ಗಾಬರಿಯಾಗಬೇಡಿ. ಬರುವಾಗ ಅಲ್ಲಿ ಹತ್ತಕ್ಕೆ ಹತ್ತಿದರೆ ಲಂಡನ್ನಿನಲ್ಲಿ ಹನ್ನೊಂದೂಕಾಲಕ್ಕೇ ಇಳಿಯುತ್ತೀರಿ. ಮನೆಗೆ ಹೋಗಿ ಸಾರಿಗೆ ಬೇಳೆ ಬೇಯಲು ಇಡಬಹುದು.