ಉಪವಾಸದ ಓಟಕ್ಕೆ ಹಗೇವಿನ ಲೆಕ್ಕ

ದೇವದುರ್ಗದ ಓದುಗರೊಬ್ಬರ ಪ್ರಶ್ನೆ ಇದು: ‘ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಗೆ ತಯಾರಿ ನಡೆಸಿದ್ದೇನೆ. 72 ಗಂಟೆ ಬರೀ ನೀರು ಕುಡಿದು ಉಪವಾಸ ಮಾಡಿದರೆ ಬೆಳವಣಿಗೆ ಹಾರ್ಮೋನು ಐದು ಪಟ್ಟು ಏರುತ್ತದೆ, ಕೊಬ್ಬು ಕರಗುತ್ತದೆ, ಸ್ನಾಯು ಹಾಗೇ ಉಳಿಯುತ್ತದೆ ಅಂತ ಯೂಟ್ಯೂಬಿನಲ್ಲಿ ಹೇಳುತ್ತಾರೆ. ಮಾಡಲೇ?’

ತಯಾರಿ ನಡೆದಿರುವಾಗ ಬೇಡ. ಯಾಕೆ ಬೇಡ ಅನ್ನುವುದರಲ್ಲಿ ಮಾತ್ರ ನೂರು ವರ್ಷದ ವಿಜ್ಞಾನವಿದೆ.

ಉಪವಾಸ ನಮ್ಮ ರಾಯಚೂರು ಜಿಲ್ಲೆಗೆ ಯೂಟ್ಯೂಬಿನಿಂದ ಬಂದದ್ದಲ್ಲ. ಮಾನ್ವಿ ಹರಿಕಥಾಮೃತಸಾರ ಬರೆದ ಜಗನ್ನಾಥದಾಸರ ಊರು. ವಿಜಯದಾಸರ ಚೀಕಲಪರ್ವಿ ಅದೇ ತಾಲ್ಲೂಕಿನಲ್ಲಿದೆ. ಅಲ್ಲಿ ಏಕಾದಶಿ ಕಟ್ಟುನಿಟ್ಟಾಗಿ ಮಾಡುವವರು ದಶಮಿ ಮಧ್ಯಾಹ್ನ ಒಪ್ಪತ್ತು ಉಂಡರೆ ಮುಂದಿನ ತುತ್ತು ದ್ವಾದಶಿ ಬೆಳಿಗ್ಗೆಯ ಪಾರಣೆಗೇ. ಹೆಚ್ಚುಕಡಿಮೆ 40 ಗಂಟೆ. ರಾಯಚೂರು, ಮಾನ್ವಿ, ದೇವದುರ್ಗ ಮೂರೂ ಕಡೆ ತಿಂಗಳಿಡೀ ರೋಜಾ ಇರುವ ಮನೆಗಳಿವೆ. ಶ್ರಾವಣ ಸೋಮವಾರ, ಶಿವರಾತ್ರಿ ಬೇರೆ. ಆದರೆ ಈ ಉಪವಾಸಗಳಲ್ಲಿ ಜಪ, ಭಜನೆ, ಜಾಗರಣೆ, ನಮಾಜು ಇರುತ್ತವೆಯೇ ಹೊರತು ಸ್ನಾಯು ಬೆಳೆಸುವ ಭರವಸೆ ಇರುವುದಿಲ್ಲ. ಅದು ಹೊಸ ಸೇರ್ಪಡೆ.

ದೇಹದ ದಾಸ್ತಾನನ್ನು ತಿಳಿಯಲು ನಮ್ಮ ಕಡೆಯ ಹಗೇವು ಸಾಕು. ಹಳೇ ಊರುಗಳಲ್ಲಿ ಜೋಳವನ್ನು ನೆಲದಡಿಯ ಹಗೇವಿನಲ್ಲಿ ಇಡುತ್ತಿದ್ದರು. ಸುತ್ತ ಹುಲ್ಲು ಹೊದಿಸಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಚಿಂತೆಯಿಲ್ಲ. ತೆಗೆಯುವುದು ಮಾತ್ರ ಅವಸರದ ಕೆಲಸವಲ್ಲ. ಬಾಯಿ ತೆರೆದು ಒಳಗಿನ ಕೆಟ್ಟ ಗಾಳಿ ಹೋಗುವ ತನಕ ಕಾಯಬೇಕು, ಆಮೇಲೆ ಒಬ್ಬ ಇಳಿದು ಬುಟ್ಟಿ ಬುಟ್ಟಿಯಾಗಿ ಮೇಲಕ್ಕೆ ಕೊಡಬೇಕು. ಹಾಗಾಗಿ ದಿನದ ರೊಟ್ಟಿಗೆ ಅಡುಗೆಮನೆಯ ಗಡಿಗೆಯಲ್ಲಿ ಒಂದಿಷ್ಟು ಜೋಳ ಬೇರೆ ಇರುತ್ತಿತ್ತು. ಹೊಲಕ್ಕೆ ಹೋದವನ ಕೈಯಲ್ಲಿ ಬುತ್ತಿ ಇರುತ್ತಿತ್ತು.

ಗಡಿಗೆ ಅಂದರೆ ಯಕೃತ್ತು. ಅದರಲ್ಲಿ ಗ್ಲೈಕೊಜೆನ್ ರೂಪದ ಸಕ್ಕರೆ ಸುಮಾರು 100 ಗ್ರಾಂ. ಊಟ ಬಿಟ್ಟ ಒಂದು, ಒಂದೂವರೆ ದಿನದಲ್ಲಿ ತಳ ಕಾಣುತ್ತದೆ. ಬುತ್ತಿ ಸ್ನಾಯುಗಳದ್ದು, ಎಲ್ಲ ಸೇರಿ ಸುಮಾರು 400 ಗ್ರಾಂ. ಅದನ್ನು ಸ್ನಾಯು ಯಾರಿಗೂ ಹಂಚುವುದಿಲ್ಲ. ಸಕ್ಕರೆಯನ್ನು ರಕ್ತಕ್ಕೆ ಬಿಡಲು ಬೇಕಾದ ಕಿಣ್ವವೇ ಅದರಲ್ಲಿಲ್ಲ. ಹಗೇವು ಕೊಬ್ಬು. ತೆಳ್ಳಗಿನ ಹುಡುಗನ ಮೈಯಲ್ಲೂ 10 ಕಿಲೊ ಇದ್ದರೆ 90,000 ಕಿಲೊಕ್ಯಾಲೊರಿ ಆಯಿತು. 60 ಕಿಲೊ ತೂಕದವನು 1600 ಮೀಟರ್ ಓಡಲು ಸುಮಾರು 100 ಕಿಲೊಕ್ಯಾಲೊರಿ ಸಾಕು. ಲೆಕ್ಕದ ಪ್ರಕಾರ ಊಟವಿಲ್ಲದೆ 900 ಸಲ ಓಡಬಹುದು!

ಓಡಲಾಗುವುದಿಲ್ಲ. ಪೊಲೀಸ್ ಪರೀಕ್ಷೆಯಲ್ಲಿ ಪುರುಷ ಅಭ್ಯರ್ಥಿ 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು, ಹಗೇವು ಕೊಡುವುದು ಬುಟ್ಟಿ ಬುಟ್ಟಿಯಾಗಿ. ಕೊಬ್ಬಿನಿಂದ ಶಕ್ತಿ ಹೊರಡುವ ವೇಗ ಸಕ್ಕರೆಯ ವೇಗದ ಅರ್ಧದ ಆಸುಪಾಸು. ಮೇಲಾಗಿ ಅಷ್ಟೇ ಶಕ್ತಿಗೆ ಕೊಬ್ಬು ಹೆಚ್ಚು ಆಮ್ಲಜನಕ ಕೇಳುತ್ತದೆ. ಕೊನೆಯ ಸುತ್ತಿನಲ್ಲಿ ಉಸಿರು ಸಾಲದೆ ಬಾಯಿ ಬಿಡುವವನಿಗೆ ಇದು ದುಬಾರಿ.

ಮಿದುಳಿನದು ಇನ್ನೊಂದು ತಕರಾರು. ಅದಕ್ಕೆ ದಿನಕ್ಕೆ ಸುಮಾರು 120 ಗ್ರಾಂ ಸಕ್ಕರೆ ಬೇಕು, ಕೊಬ್ಬಿನ ಆಮ್ಲಗಳಿಂದ ಸಕ್ಕರೆ ಮಾಡುವ ವಿದ್ಯೆ ನಮ್ಮ ದೇಹಕ್ಕೆ ಗೊತ್ತಿಲ್ಲ. ಗಡಿಗೆ ಬರಿದಾದ ಮೇಲೆ ದೇಹ ಬರಗಾಲದ ರೈತ ಮಾಡಿದ್ದನ್ನೇ ಮಾಡುತ್ತದೆ: ಎತ್ತು ಮಾರುತ್ತದೆ. ಸ್ನಾಯುವಿನ ಪ್ರೋಟೀನು ಒಡೆದು ಸಕ್ಕರೆಯಾಗುತ್ತದೆ. ಪ್ರೋಟೀನಿಗೆ ಬೇರೆ ದಾಸ್ತಾನು ಇಲ್ಲ; ದುಡಿಯುವ ಎತ್ತೇ ಅದರ ದಾಸ್ತಾನು.

ದಿನಕ್ಕೆ ಎಷ್ಟು ಮಾರಾಟ ಎಂದು ಕೂತು ಅಳೆದವರು ಬೋಸ್ಟನ್ನಿನ ಕಾರ್ನೆಗಿ ಪೋಷಣಾ ಪ್ರಯೋಗಾಲಯದ ಫ್ರಾನ್ಸಿಸ್ ಬೆನಡಿಕ್ಟ್. 1912ರಲ್ಲಿ ಮಾಲ್ಟಾ ದ್ವೀಪದ ಅಗೊಸ್ಟಿನೊ ಲೆವಾಂಜಿನ್ ಎಂಬಾತ ಅವರ ಕಣ್ಣೆದುರು 31 ದಿನ ಭಟ್ಟಿ ಇಳಿಸಿದ ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ರಾತ್ರಿ ಮೈಶಾಖ ಅಳೆಯುವ ಪೆಟ್ಟಿಗೆಯೊಳಗೇ ನಿದ್ದೆ. ಉಸಿರು, ನಾಡಿ, ಮೂತ್ರ ಎಲ್ಲಕ್ಕೂ ಲೆಕ್ಕ. ಸುಮಾರು 60 ಕಿಲೊ ಇದ್ದವನು ಕೊನೆಗೆ 47 ಕಿಲೊ. ನನ್ನ ಗಮನ ಮಾತ್ರ ಮೂತ್ರದ ಸಾರಜನಕದ ಕಡೆ, ಯಾಕೆಂದರೆ ಒಡೆದ ಪ್ರೋಟೀನಿನ ರಸೀದಿ ಅದು. ಮೊದಲ ದಿನ 7 ಗ್ರಾಂ ಇದ್ದದ್ದು ನಾಲ್ಕನೇ ದಿನಕ್ಕೆ ಸುಮಾರು 12 ಗ್ರಾಂಗೆ ಏರಿತ್ತು. ಒಂದು ಗ್ರಾಂ ಸಾರಜನಕ ಅಂದರೆ ಆರೂಕಾಲು ಗ್ರಾಂ ಪ್ರೋಟೀನು. 12ಕ್ಕೆ 75 ಗ್ರಾಂ. ಹಸಿ ಮಾಂಸದ ಲೆಕ್ಕದಲ್ಲಿ ದಿನಕ್ಕೆ 300 ಗ್ರಾಂ ದಾಟಿತು. ಆಮೇಲೆ ನಿಧಾನ ಇಳಿದು ಕೊನೆಯ ದಿನ 7ಕ್ಕೆ ಬಂತು.

ಯಾಕೆ ಇಳಿಯಿತು? ಉತ್ತರ ಸಿಕ್ಕದ್ದು 1967ರಲ್ಲಿ. ಆಲಿವರ್ ಓವೆನ್, ಜಾರ್ಜ್ ಕಾಹಿಲ್ ಮತ್ತು ಸಂಗಡಿಗರು ವಾರಗಟ್ಟಲೆ ಉಪವಾಸವಿದ್ದ ದಪ್ಪ ಮೈಯವರ ಮಿದುಳಿಗೆ ಹೋಗುವ, ಅಲ್ಲಿಂದ ಬರುವ ರಕ್ತ ಎರಡನ್ನೂ ಪರೀಕ್ಷಿಸಿದರು. ಮಿದುಳು ಸಕ್ಕರೆಯ ಹಟ ಬಿಟ್ಟು, ಕೊಬ್ಬಿನಿಂದ ಯಕೃತ್ತು ಮಾಡಿಕೊಡುವ ಕೀಟೋನುಗಳಿಗೆ ಬಹುಮಟ್ಟಿಗೆ ಒಗ್ಗಿಕೊಂಡಿತ್ತು. ಹಾಗಾಗಿ ಎತ್ತಿನ ಮಾರಾಟ ಕಡಿಮೆಯಾಗುತ್ತದೆ. ಆದರೆ ಅದಕ್ಕೆ ದಿನಗಳು ಬೇಕು. ಮೂರು ದಿನದ ಉಪವಾಸ ಮುಗಿಯುವುದು ಸರಿಯಾಗಿ ಮಾರಾಟ ಜೋರಾಗಿರುವ ಹೊತ್ತಿಗೇ! ವಿಡಿಯೊಗಳಲ್ಲಿ ಈ ಮಾತು ಬರುವುದಿಲ್ಲ.

ಬೆಳವಣಿಗೆ ಹಾರ್ಮೋನು ಏರುವುದೇನೋ ನಿಜ. ಏರುವುದು ಹಗೇವಿನ ಬಾಯಿ ತೆರೆಸಲು, ಪ್ರೋಟೀನಿನ ನಷ್ಟಕ್ಕೆ ಸ್ವಲ್ಪ ತಡೆ ಹಾಕಲು. ಸ್ನಾಯು ಕಟ್ಟುವ ಕೆಲಸಕ್ಕೆ ಬೇಕಾದ ಐಜಿಎಫ್-1 ಎಂಬ ಇನ್ನೊಂದು ಹಾರ್ಮೋನು ಅದೇ ಹೊತ್ತಿನಲ್ಲಿ ಇಳಿಯುತ್ತದೆ. ಒಂದನ್ನು ಹೇಳಿ ಇನ್ನೊಂದನ್ನು ನುಂಗುವುದು ವ್ಯಾಪಾರದ ಜಾಣತನ. 2016ರ ನೊಬೆಲ್ ಪಡೆದ ಯೊಶಿನೊರಿ ಒಸುಮಿ ಅವರ ಹೆಸರನ್ನೂ ಹೀಗೇ ಎಳೆದು ತರುತ್ತಾರೆ. ಜೀವಕೋಶ ತನ್ನ ಹಳೆಯ ಸಾಮಾನನ್ನು ತಾನೇ ಒಡೆದು ಬಳಸುವ ಆಟೊಫೇಜಿಯನ್ನು ಅವರು ಬಿಡಿಸಿ ತೋರಿಸಿದ್ದು ಹಸಿದ ಯೀಸ್ಟಿನಲ್ಲಿ. ‘72 ಗಂಟೆ’ ಎಂಬ ಕಾಲಪಟ್ಟಿ ಅವರು ಯಾರಿಗೂ ಬರೆದುಕೊಟ್ಟದ್ದಲ್ಲ.

ಉಪವಾಸ ಮಾಡಿದವರು ಎರಡನೇ ದಿನ ಮೈ ಹಗುರ, ತಲೆ ಚುರುಕು ಅನ್ನುತ್ತಾರಲ್ಲ, ಅದೂ ಸುಳ್ಳಲ್ಲ. ಮೊದಲ ಕೆಲವು ದಿನ ರಕ್ತದಲ್ಲಿ ಮೈಯನ್ನು ಎಚ್ಚರವಾಗಿಡುವ ನಾರ್‌ಅಡ್ರಿನಲಿನ್ ಏರುತ್ತದೆ. ಮೈ ಹಗುರಾಗಲು ಇನ್ನೊಂದು ಕಾರಣ ನೀರು. ಒಂದು ಗ್ರಾಂ ಗ್ಲೈಕೊಜೆನ್ ಸುಮಾರು ಮೂರು ಗ್ರಾಂ ನೀರು ಹಿಡಿದಿರುತ್ತದೆ. ಅದು ಕರಗಿದಾಗ ನೀರೂ ಹೊರಡುತ್ತದೆ. ತಕ್ಕಡಿ ತೋರಿಸುವ ಮೊದಲ ಎರಡು ಕಿಲೊದಲ್ಲಿ ಕೊಬ್ಬು ಸ್ವಲ್ಪವೇ.

ಈಗ ಬುತ್ತಿ. 1966ರಲ್ಲಿ ಸ್ವೀಡನ್ನಿನ ಯೋನಾಸ್ ಬರ್ಗ್‌ಸ್ಟ್ರೋಮ್ ಮತ್ತು ಎರಿಕ್ ಹುಲ್ಟ್‌ಮನ್ ಒಂದೇ ಸೈಕಲ್ಲಿನ ಆಚೆ ಈಚೆ ಕೂತು ತಲಾ ಒಂದೊಂದು ಕಾಲಿನಿಂದ ತುಳಿದರು, ಸುಸ್ತಾಗಿ ಕಾಲು ಏಳದಷ್ಟು. ಇನ್ನೊಂದು ಕಾಲಿಗೆ ಪೂರ್ತಿ ವಿಶ್ರಾಂತಿ. ಮುಂದಿನ ದಿನಗಳಲ್ಲಿ ಪಿಷ್ಟದ ಊಟ ಉಣ್ಣುತ್ತ, ಸೂಜಿಯಿಂದ ತಮ್ಮ ತೊಡೆಯ ಮಾಂಸದ ಚೂರು ತೆಗೆದು ನೋಡಿದರು. ದುಡಿದ ಕಾಲಿನಲ್ಲಿ ಗ್ಲೈಕೊಜೆನ್ ಮೊದಲಿನ ಎರಡರಷ್ಟು ತುಂಬಿತ್ತು. ಕೂತ ಕಾಲಿನಲ್ಲಿ ಅಂಥ ಏರಿಕೆಯಿಲ್ಲ. ಅಂದರೆ ಬುತ್ತಿ ದೊಡ್ಡದಾಗಲು ದುಡಿಮೆಯೂ ಬೇಕು, ಅದರ ಹಿಂದೆಯೇ ಊಟವೂ ಬೇಕು. ಮುಂದಿನ ವರ್ಷ ಅವರದೇ ತಂಡ ಒಂಬತ್ತು ಜನರನ್ನು ಸೈಕಲ್ ತುಳಿಸಿತು. ಸಾಧಾರಣ ಊಟದವರು ಸರಾಸರಿ 114 ನಿಮಿಷ ನಿಂತರು. ಪಿಷ್ಟ ಬಿಟ್ಟು ಕೊಬ್ಬು-ಪ್ರೋಟೀನಷ್ಟೇ ಉಂಡಾಗ ಅದೇ ಜನ 57 ನಿಮಿಷಕ್ಕೇ ಇಳಿದರು. ಪಿಷ್ಟ ಹೆಚ್ಚಿಸಿದಾಗ 167. ಇವರು ಉಪವಾಸದವರಲ್ಲ, ಹೊಟ್ಟೆ ತುಂಬ ಉಂಡವರು. ಬರೀ ಬುತ್ತಿ ಚಿಕ್ಕದಾಗಿದ್ದಕ್ಕೇ ಈ ಪಾಡು.

ಒಂದು ದಿನ ಉಪವಾಸವಿದ್ದು ಒಮ್ಮೆ 1600 ಮೀಟರ್ ಓಡಿದರೆ, 7.26 ಕಿಲೊ ಗುಂಡು ಎಸೆದರೆ ಅಂಥ ವ್ಯತ್ಯಾಸ ಕಾಣದಿರಬಹುದು. ಪೆಟ್ಟು ಬೀಳುವುದು ದಿನಾ ನಡೆಯುವ ತಾಲೀಮಿಗೆ. ಇಂದು ಸುತ್ತು ಹೊಡೆದು ಖಾಲಿಯಾದದ್ದು ರಾತ್ರಿ ತುಂಬದಿದ್ದರೆ ನಾಳೆಯ ಸುತ್ತು ನಿಧಾನ, ನಾಡಿದ್ದು ಇನ್ನೂ ನಿಧಾನ. ಗರಡಿಮನೆಯ ಉಸ್ತಾದರು ದಂಡ-ಬೈಠಕ್ ಜೊತೆಗೇ ಖುರಾಕು ಕೇಳುತ್ತಿದ್ದುದು ಸುಮ್ಮನೆ ಅಲ್ಲ. ಕಾರಹುಣ್ಣಿಮೆ ಹೊತ್ತಿಗೆ ರಾಯಚೂರಿನ ಮುಂಗಾರು ಹಬ್ಬದಲ್ಲಿ ಉಸುಕಿನ ಚೀಲ ಎತ್ತುವವರನ್ನೂ ಕುಸ್ತಿಯವರನ್ನೂ ಕೇಳಿ ನೋಡಿ, ಮೂರು ದಿನ ನೀರು ಕುಡಿದು ಅಖಾಡಕ್ಕಿಳಿ ಅಂದರೆ ಏನನ್ನುತ್ತಾರೋ.

ರೋಜಾ ಬೇರೆ ಲೆಕ್ಕ. ರಾತ್ರಿ ಊಟ ಸಿಗುವುದರಿಂದ ಗಡಿಗೆ, ಬುತ್ತಿ ದಿನಾ ತುಂಬುತ್ತವೆ. 1995ರ ಫೆಬ್ರುವರಿಯಲ್ಲಿ ಹಕೀಮ್ ಒಲಾಜುವನ್ ರೋಜಾ ಇದ್ದುಕೊಂಡೇ ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲಿನಲ್ಲಿ ತಿಂಗಳ ಶ್ರೇಷ್ಠ ಆಟಗಾರನಾದ. ರೋಜಾದಲ್ಲಿ ಕಾಡುವುದು ನೀರು ಮತ್ತು ನಿದ್ದೆ. ಬೆವರಿನಿಂದ ಮೈತೂಕದ ಶೇಕಡ 2ರಷ್ಟು ಹೋದರೂ ದೂರದ ಓಟ ಕುಗ್ಗುತ್ತದೆ. 60 ಕಿಲೊದವನಿಗೆ ಅದು 1.2 ಲೀಟರ್. ರಮಜಾನ್ ಪ್ರತಿ ವರ್ಷ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತದೆ. 2019ರಲ್ಲಿ ಅದು ಬಂದದ್ದು ಮೇ ತಿಂಗಳಲ್ಲಿ, ಬಿಸಿಲು 40 ಡಿಗ್ರಿ ದಾಟುವ ನಮ್ಮ ಜಿಲ್ಲೆಯ ಕಡುಬೇಸಿಗೆಯಲ್ಲಿ. ಸಹರಿ ಮುಗಿಸಿ ಬೆಳಿಗ್ಗೆಯೇ ಓಡಿದರೆ ಕುಡಿದ ನೀರು ಬೆವರಾಗಿ ಹೋಗಿ ದಿನವಿಡೀ ಬಾಯಾರಿಕೆ. ಹಗುರ ಅಭ್ಯಾಸ ಇಫ್ತಾರ್‌ಗೆ ಮುಂಚಿನ ಅರ್ಧ-ಮುಕ್ಕಾಲು ಗಂಟೆಗೆ, ಭಾರದ್ದು ಉಂಡು ಎರಡು ತಾಸಾದ ಮೇಲೆ ಇಟ್ಟುಕೊಳ್ಳುವುದು ಲೇಸು. ಏಕಾದಶಿ ಮಾಡುವವರು ಅಂದು ತಾಲೀಮಿಗೆ ರಜೆ ಕೊಟ್ಟರಾಯಿತು. ಹದಿನೈದು ದಿನಕ್ಕೊಂದು ವಿಶ್ರಾಂತಿ ಹೇಗೂ ಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಯಾವ ಉಪವಾಸಕ್ಕೂ ಕೈಹಾಕಬಾರದು.

ಉಪವಾಸ ಬಿಡುವ ಬಗೆಯನ್ನೂ ಹೇಳಬೇಕು. ಐದಾರು ದಿನ ಏನೂ ತಿನ್ನದವರು ಒಮ್ಮೆಲೇ ಹೊಟ್ಟೆ ತುಂಬ ಅನ್ನವೋ ಸಿಹಿಯೋ ಉಂಡರೆ ಇನ್ಸುಲಿನ್ ಧುತ್ತನೆ ಏರಿ ರಕ್ತದ ಫಾಸ್ಫೇಟು, ಪೊಟ್ಯಾಸಿಯಮ್ಮು ಜೀವಕೋಶಗಳೊಳಗೆ ಸೇರಿಬಿಡುತ್ತವೆ. ಹೃದಯದ ಲಯ ತಪ್ಪಿ ಜೀವಕ್ಕೇ ಅಪಾಯವಾಗಬಹುದು. ಎರಡನೇ ಮಹಾಯುದ್ಧದ ಕೊನೆಗೆ ಬಿಡುಗಡೆಯಾದ ಹಸಿದ ಕೈದಿಗಳಲ್ಲಿ ವೈದ್ಯರು ಇಂಥ ಸಾವುಗಳನ್ನು ಕಂಡರು. ದ್ವಾದಶಿಯ ಅಗಸೆ ಸೊಪ್ಪು, ನೆಲ್ಲಿಕಾಯಿಯ ಪಾರಣೆಯಾಗಲಿ, ಇಫ್ತಾರ್‌ನ ಖರ್ಜೂರ, ಗಂಜಿಯಾಗಲಿ ಗಂಟೆಗಳ ಉಪವಾಸಕ್ಕೆ ಸಾಕು. ದಿನಗಳ ಉಪವಾಸ ಬಿಡುವುದು ಆಸ್ಪತ್ರೆಯಲ್ಲಿ, ರಕ್ತ ಪರೀಕ್ಷೆ ಮಾಡಿಸಿಕೊಳ್ಳುತ್ತ ಆಗಬೇಕಾದ ಕೆಲಸ.