ಓಡಿಸೋದು ಮಗ, ಹೊಲ ಅಪ್ಪನದು

ಮೊನ್ನೆ ರಾತ್ರಿ ಒಂಬತ್ತರ ಬುಲೆಟಿನ್‌ನಲ್ಲಿ ಟ್ರಾಫಿಕ್ ದಂಡದ ಸುದ್ದಿ ಓದಿದೆ. ಹೆಲ್ಮೆಟ್ ಇಲ್ಲದಿದ್ದರೆ ಇಷ್ಟು, ಲೈಸೆನ್ಸ್ ಇಲ್ಲದಿದ್ದರೆ ಇಷ್ಟು, ಮೂವರು ಕೂತರೆ ಇಷ್ಟು. ಪರದೆ ತುಂಬಾ ಕೆಂಪು ಅಕ್ಷರ, ಹಿಂದೆ ಎದೆ ನಡುಗಿಸೋ ಮ್ಯೂಸಿಕ್ಕು. ಮುಗಿಸಿ ಹೊರಗೆ ಬಂದರೆ ಆಫೀಸಿನ ಹುಡುಗ ಫೋನ್ ಹಿಡಿದು ನಿಂತಿದ್ದ. ‘ಸರ್, ಯಾದಗಿರಿ ಕಡೆಯವರಂತೆ, ನಿಮ್ಮ ಹತ್ರಾನೇ ಮಾತಾಡ್ಬೇಕಂತೆ.’

‘ನಮಸ್ಕಾರ್ರೀ ಸರ. ನಮ್ದು ಕಕ್ಕೇರಾರೀ, ಸುರಪುರ ತಾಲೂಕು. ಊರಾಗಲ್ಲ, ದೊಡ್ಡ್ಯಾಗ ಇರ್ತೀವಿ. ದಂಡ ಎಷ್ಟು ಅಂತ ದಿನಾ ಹೇಳ್ತೀರಿ. ಲೈಸನ್ಸ್ ಹೆಂಗ ಮಾಡಸ್ಬೇಕು, ಎಷ್ಟು ರೊಕ್ಕ ಹತ್ತತದ ಅಂತ ಒಂದಿನಾನೂ ಹೇಳಿಲ್ಲಲ್ರೀ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಹೇಳಿಲ್ಲ ಅನ್ನೋದು ನಿಜ.

ಯಜಮಾನರಿಗೆ ಐವತ್ತೆರಡು ವರ್ಷ. ಮಗನಿಗೆ ಹತ್ತೊಂಬತ್ತು. ಗಾಡಿ ಅಪ್ಪನ ಹೆಸರಲ್ಲಿದೆ, ಓಡಿಸೋದು ಮಗ. ಲೈಸೆನ್ಸ್ ಇಬ್ಬರಿಗೂ ಇಲ್ಲ. ಏಜೆಂಟ್ ಒಬ್ಬ ಮೂರೂವರೆ ಸಾವಿರ ಕೇಳಿದ್ದಾನೆ. ‘ಹುಡುಗ ಏಳನೇತ್ತಕ್ಕ ಸಾಲಿ ಬಿಟ್ಟಾನ್ರೀ, ಅವ್ನಿಗಿ ಕೊಡಂಗಿಲ್ಲಂತ. ಅದಕ್ಕ ಜಾಸ್ತಿ ರೊಕ್ಕ ಅಂತಾನ.’

ಇಲ್ಲಿ ನನಗೆ ಸಿಟ್ಟು ಬಂತು. ಯಾಕೆ ಅಂದ್ರೆ ಇದು ಶುದ್ಧ ಸುಳ್ಳು. ಎಂಟನೇ ತರಗತಿ ಪಾಸಾಗಿರಬೇಕು ಅನ್ನೋ ನಿಯಮ ಇದ್ದದ್ದು ಲಾರಿ, ಬಸ್ಸು, ಟ್ಯಾಕ್ಸಿಯಂಥ ಬಾಡಿಗೆ ವಾಹನಗಳಿಗೆ. ಅದನ್ನೂ ಕೇಂದ್ರ ಸರ್ಕಾರ 2019ರಲ್ಲಿ ತೆಗೆದುಹಾಕಿತು. ಸ್ವಂತದ ಬೈಕಿಗೆ ಆ ನಿಯಮ ಇರಲೇ ಇಲ್ಲ. ಇಲ್ಲದ ನಿಯಮವನ್ನ ತೋರಿಸಿ ಬಡವನ ಜೇಬಿಗೆ ಕೈ ಹಾಕೋದು ಅಂದ್ರೆ ಇದೇ.

ಹಾಗಂತ ನಾನೇನು ಸಾಚಾ ಅಲ್ಲ. ಕಾಲೇಜು ದಿನಗಳಲ್ಲಿ ನಾನೂ ಏಜೆಂಟ್ ಕೈಗೆ ದುಡ್ಡು ಕೊಟ್ಟು, ಎಂಟು ಹಾಕದೆ ಲೈಸೆನ್ಸ್ ತಗೊಂಡವನೇ. ಯಾವ ಊರು, ಯಾವ ಆಫೀಸು ಅಂತ ಕೇಳಬೇಡಿ. ಮುಂದೆ ಒಂದು ತಿರುವಿನಲ್ಲಿ ಬಿದ್ದು ಮೊಣಕೈ ಮುರಿದುಕೊಂಡಾಗ, ಆ ಎಂಟು ಯಾಕೆ ಹಾಕಿಸ್ತಾರೆ ಅಂತ ಅರ್ಥವಾಯಿತು.

ಸರಿ, ಲೈಸೆನ್ಸ್ ಯಾಕೆ ಬೇಕು? ಪೊಲೀಸರಿಗೆ ತೋರಿಸೋಕೆ ಅಂತ ನಾವೆಲ್ಲ ಅಂದುಕೊಂಡಿದ್ದೀವಿ. ಲೈಸೆನ್ಸ್ ಇಲ್ಲದೆ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 181ನೇ ಸೆಕ್ಷನ್ ಪ್ರಕಾರ ಮೂರು ತಿಂಗಳವರೆಗೆ ಜೈಲು ಅಥವಾ 5000 ರೂಪಾಯಿ ದಂಡ, ಇಲ್ಲವೇ ಎರಡೂ. ಅಂಥವರ ಕೈಗೆ ಗಾಡಿ ಕೊಟ್ಟ ಮಾಲೀಕನಿಗೂ ಬೇರೆ ಸೆಕ್ಷನ್ ಇದೆ. 2019ರ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಕೆಲವು ದಂಡಗಳನ್ನ ಇಳಿಸಿತು, ಅದು ಬೇರೆ ಮಾತು. ಆದರೆ ದಂಡ ಸಣ್ಣದು ಸ್ವಾಮಿ. ದೊಡ್ಡದು ಬೇರೆ ಇದೆ, ಅದನ್ನ ಯಾವ ಚಾನೆಲ್ಲೂ ಹೇಳಲ್ಲ. ನಮ್ಮದೂ ಸೇರಿ.

ಲೆಕ್ಕಕ್ಕೆ ಹೀಗೆ ಇಟ್ಕೊಳ್ಳಿ. ಸಂಜೆ ಮಬ್ಬಿನಲ್ಲಿ ಆ ಹುಡುಗ ತಿಂಥಣಿ ಬ್ರಿಜ್ ಕಡೆಯಿಂದ ಬರ್ತಾ ಇದ್ದಾನೆ. ರಸ್ತೆ ದಾಟುವ ಒಬ್ಬರಿಗೆ ಗುದ್ದಿದ. ಅವರು ಹೋಗಿಬಿಟ್ಟರು. ಟ್ರಿಬ್ಯುನಲ್ ಎಂಟು ಲಕ್ಷ ಪರಿಹಾರ ಅಂತು. ಗಾಡಿಗೆ ಇನ್ಶೂರೆನ್ಸ್ ಇದೆ, ಕಂಪನಿ ಕೊಡುತ್ತೆ ಬಿಡು ಅಂತ ನೀವಂತೀರಿ. ಕೊಡುತ್ತೆ. ಸತ್ತವರ ಮನೆಯವರಿಗೆ ಅನ್ಯಾಯ ಆಗಬಾರದು ಅಂತ ಕೋರ್ಟು ಮೊದಲು ಕಂಪನಿಯಿಂದಲೇ ಕೊಡಿಸುತ್ತೆ. ಆಮೇಲೆ? ಲೈಸೆನ್ಸ್ ಇಲ್ಲದವನ ಕೈಗೆ ಗೊತ್ತಿದ್ದೂ ಗಾಡಿ ಕೊಟ್ಟಿದ್ದಾನೆ ಅಂತ ಸಾಬೀತಾದರೆ, ಅದೇ ಎಂಟು ಲಕ್ಷವನ್ನ ಕಂಪನಿ ಗಾಡಿ ಮಾಲೀಕನಿಂದ ವಸೂಲಿ ಮಾಡಬಹುದು. ಸುಪ್ರೀಂ ಕೋರ್ಟ್ 2004ರಲ್ಲಿ ಸ್ವರಣ್ ಸಿಂಗ್ ಪ್ರಕರಣದಲ್ಲಿ ಈ ದಾರಿಯನ್ನ ಸ್ಪಷ್ಟ ಮಾಡಿತು. ವಸೂಲಿ ಹೇಗೆ? ಭೂಕಂದಾಯದ ಬಾಕಿ ವಸೂಲಿ ಮಾಡಿದ ಹಾಗೆ.

ಮಗನಿಗೆ ಲೈಸೆನ್ಸ್ ಇಲ್ಲ ಅಂತ ಅಪ್ಪನಿಗೆ ಗೊತ್ತಿರಲಿಲ್ಲ ಅಂದರೆ ಯಾರು ನಂಬ್ತಾರೆ? ಓಡಿಸಿದ್ದು ಮಗ, ಪಹಣಿಯಲ್ಲಿ ಹೆಸರಿರೋದು ಅಪ್ಪನದು.

ಇನ್ನೊಂದು ಮಗ್ಗುಲು ನೋಡಿ. ಬಿದ್ದು ಸತ್ತದ್ದು ಮಾಲೀಕನೇ ಆಗಿದ್ದರೆ? ಇನ್ಶೂರೆನ್ಸ್ ಪಾಲಿಸಿಯಲ್ಲಿ ಮಾಲೀಕನೇ ಓಡಿಸುವಾಗ ಆಗುವ ಸಾವಿಗೆ ಅಂತ ಒಂದು ಬಾಬ್ತು ಇರುತ್ತೆ. ಮೊದಲು ಬೈಕಿಗೆ ಅದು ಬರೀ ಒಂದು ಲಕ್ಷ ಇತ್ತು. 2018ರಲ್ಲಿ ಅದನ್ನ 15 ಲಕ್ಷಕ್ಕೆ ಏರಿಸಿದರು. ಹದಿನೈದು ಲಕ್ಷ! ಷರತ್ತು ಒಂದೇ, ಆತನ ಹತ್ತಿರ ಚಾಲ್ತಿಯಲ್ಲಿರೋ ಲೈಸೆನ್ಸ್ ಇರಬೇಕು. ಇಲ್ಲದಿದ್ದರೆ ಹೆಂಡತಿ ಮಕ್ಕಳು ಕಂಪನಿ ಬಾಗಿಲಿಗೆ ಹೋಗಿ ಬರಿಗೈಲಿ ವಾಪಸ್ ಬರಬೇಕು.

ಇದನ್ನ ಹೇಳಿದಾಗ ಯಜಮಾನರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಹೊಲ ಎರಡೆಕ್ರಿ ಅದರೀ ಸರ’ ಅಂದರು. ಅಷ್ಟೇ.

ಹಾಗಾದರೆ ಮಾಡಿಸೋದು ಹೇಗೆ? ಮೊದಲು ಎಲ್ಎಲ್, ಅಂದರೆ ಕಲಿಕಾ ಲೈಸೆನ್ಸ್. ಹದಿನೆಂಟು ತುಂಬಿರಬೇಕು. ಹದಿನಾರಕ್ಕೂ ಕೊಡ್ತಾರಲ್ಲ ಅಂತ ಕೆಲವರು ವಾದ ಮಾಡ್ತಾರೆ. ಅದು ಗೇರ್ ಇಲ್ಲದ, 50 ಸಿಸಿ ಒಳಗಿನ ಗಾಡಿಗೆ ಮಾತ್ರ. ಈಗ ಶೋರೂಮಿನಲ್ಲಿ ಅಂಥ ಪೆಟ್ರೋಲ್ ಗಾಡಿ ಹುಡುಕಿದರೂ ಸಿಗೋದು ಕಷ್ಟ. ಹದಿನೆಂಟು ತುಂಬದ ಹುಡುಗರ ಕೈಗೆ ಗಾಡಿ ಕೊಟ್ಟರೆ ಪೋಷಕರಿಗೆ ಅಥವಾ ಮಾಲೀಕನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಆ ಹುಡುಗನಿಗೆ ಇಪ್ಪತ್ತೈದು ತುಂಬೋವರೆಗೆ ಲೈಸೆನ್ಸೇ ಇಲ್ಲ. ಜಾತ್ರೆ ದಿನ ಹೈಸ್ಕೂಲ್ ಹುಡುಗರು ಮೂವರು ಕೂತು ಹೊರಟಾಗ ನಗಾಡುವ ಹಿರಿಯರು ಇದನ್ನ ನೆನಪಿಟ್ಟುಕೊಳ್ಳಬೇಕು.

ಎಲ್ಎಲ್‌ಗೆ ಯಾದಗಿರಿಗೆ ಹೋಗಲೇಬೇಕು ಅಂತಿಲ್ಲ. ಆಧಾರ್‌ಗೆ ಮೊಬೈಲ್ ನಂಬರ್ ಜೋಡಿಸಿದ್ದರೆ ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಮನೆಯಲ್ಲೇ ಪರೀಕ್ಷೆ ಬರೀಬಹುದು. ಕನ್ನಡದಲ್ಲೂ ಇರುತ್ತೆ. ರಸ್ತೆ ಚಿಹ್ನೆ, ಬಲಕ್ಕೆ ತಿರುಗೋದು ಹೇಗೆ, ಆಂಬುಲೆನ್ಸ್ ಬಂದರೆ ಏನು ಮಾಡಬೇಕು, ಇಂಥವೇ. ನೂರಕ್ಕೆ ಅರವತ್ತು ಸರಿ ಇದ್ದರೆ ಪಾಸು. ನಲವತ್ತು ದಾಟಿದವರು ವೈದ್ಯರ ಸರ್ಟಿಫಿಕೇಟ್ ಕೊಡಬೇಕು. ಅರ್ಜಿ ತುಂಬುವಾಗ ‘ಗೇರ್ ಇರುವ’ ಅನ್ನೋ ಕಡೆ ಗುರುತು ಹಾಕಿದ್ದಾರಾ ನೋಡಿ. ಸ್ಕೂಟರ್ ಲೈಸೆನ್ಸ್ ಇಟ್ಕೊಂಡು ಗೇರ್ ಬೈಕ್ ಓಡಿಸಿದರೆ ಅದೂ ಲೈಸೆನ್ಸ್ ಇಲ್ಲದ ಲೆಕ್ಕವೇ. ಕಾರಿನ ಲೈಸೆನ್ಸ್ ಇಟ್ಕೊಂಡು ಬೈಕ್ ಹತ್ತಿದರೂ ಅಷ್ಟೇ.

ಖರ್ಚು? ಕೇಂದ್ರದ ನಿಯಮದಲ್ಲಿ ಒಂದು ವರ್ಗದ ವಾಹನಕ್ಕೆ ಎಲ್ಎಲ್ 150, ಅದರ ಪರೀಕ್ಷೆ 50, ಓಡಿಸಿ ತೋರಿಸೋ ಟೆಸ್ಟ್‌ಗೆ 300, ಲೈಸೆನ್ಸ್‌ಗೆ 200. ಕೂಡಿದರೆ 700 ರೂಪಾಯಿ. ಕಾರ್ಡು, ಸೇವಾ ಶುಲ್ಕ ಅಂತ ಮೇಲೊಂದಿಷ್ಟು ಆಗಬಹುದು. ಆ ಮೂರೂವರೆ ಸಾವಿರ ಎಲ್ಲಿಂದ ಬಂತು ಅಂತ ನೀವೇ ಲೆಕ್ಕ ಹಾಕಿ.

ಎಲ್ಎಲ್ ಬಂದ ಮೂವತ್ತು ದಿನದ ನಂತರ, ಆರು ತಿಂಗಳ ಒಳಗೆ ಟೆಸ್ಟ್‌ಗೆ ಹೋಗಬೇಕು. ಅಲ್ಲಿವರೆಗೆ ಗಾಡಿಯ ಹಿಂದೆ ಮುಂದೆ ಬಿಳಿ ಹಲಗೆ ಮೇಲೆ ಕೆಂಪು ‘ಎಲ್’ ಇರಬೇಕು. ಹಿಂದೆ ಕೂರಿಸಿಕೊಂಡರೆ ಕಲಿಸುವ, ಲೈಸೆನ್ಸ್ ಇರುವವರನ್ನೇ ಕೂರಿಸಬೇಕು. ಇದನ್ನ ಕೇಳಿ ಯಜಮಾನರು ನಕ್ಕುಬಿಟ್ಟರು. ‘ನಮ್ ದೊಡ್ಡ್ಯಾಗ ಯಾರ್ ಕಡೆ ಐತ್ರೀ ಲೈಸನ್ಸ್? ಹಿಂದ ಯಾರ್ನ ಕುಂದ್ರಸ್ಲಿ?’

ನಕ್ಕು ಬಿಡುವ ಮಾತಲ್ಲ ಇದು. ಕಕ್ಕೇರಾ ಹೆಸರಿಗೆ ಪುರಸಭೆ. ಆದರೆ ಎಷ್ಟೋ ಸಂಸಾರಗಳು ಇರೋದು ಹೊಲದ ನಡುವಿನ ದೊಡ್ಡಿಗಳಲ್ಲಿ. ಗೊಬ್ಬರ, ರೇಷನ್, ರಾತ್ರಿ ಹೆರಿಗೆ ನೋವು, ಎಲ್ಲಕ್ಕೂ ಬೈಕೇ. ಟೆಸ್ಟ್ ಕೊಡಬೇಕು ಅಂದರೆ ಸುರಪುರ, ಶಹಾಪುರ ದಾಟಿ, ಭೀಮಾ ಹೊಳೆ ದಾಟಿ ಯಾದಗಿರಿ ಆರ್‌ಟಿಓಗೆ, ಅದೂ ಸ್ವಂತ ಗಾಡಿ ತಗೊಂಡು. ಒಂದು ದಿನದ ಕೂಲಿ ಹೋಯ್ತು, ಪೆಟ್ರೋಲ್ ಹೋಯ್ತು. ಏಜೆಂಟ್ ಹುಟ್ಟೋದು ಈ ದೂರದಲ್ಲೇ. ತಾಲ್ಲೂಕಿಗೇ ಬಂದು ಟೆಸ್ಟ್ ಮಾಡುವ ಕ್ಯಾಂಪ್ ಪದ್ಧತಿ ನಮ್ಮ ಸಾರಿಗೆ ಇಲಾಖೆಗೆ ಹೊಸದಲ್ಲ. ಸುರಪುರ ಕಡೆಯ ಕ್ಯಾಂಪ್ ಯಾವ ದಿನ ಅಂತ ಕೇಳಿ, ಪಟ್ಟು ಹಿಡಿದು ಕೇಳಿ. ಆ ದಿನಾಂಕವನ್ನ ಪುರಸಭೆಯ ಕಸದ ಗಾಡಿ ಮೈಕಿನಲ್ಲಿ ಕೂಗಿ ಹೇಳೋಕೆ ಎಷ್ಟು ಖರ್ಚಾಗುತ್ತೆ?

ದುಡಿಯೋಕೆ ಬೆಂಗಳೂರಿಗೆ ಬಂದಿರೋ ಸುರಪುರ, ಶಹಾಪುರದ ಹುಡುಗರಿಗೂ ಒಂದು ಮಾತು. 2019ರ ತಿದ್ದುಪಡಿ ನಂತರ ರಾಜ್ಯದ ಯಾವ ಆರ್‌ಟಿಓದಲ್ಲಾದರೂ ಅರ್ಜಿ ಹಾಕಬಹುದು. ಊರಿಗೆ ಹೋಗಿ ಬರೋ ಬಸ್ ಚಾರ್ಜ್ ಉಳಿಸಿ.

ಟೆಸ್ಟ್ ದಿನ ಹೆಲ್ಮೆಟ್, ಆರ್‌ಸಿ, ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟ್ ಜೊತೆಗಿರಲಿ. ಎಂಟು ಹಾಕುವಾಗ ಕಾಲು ನೆಲಕ್ಕೆ ತಾಗಬಾರದು. ಕಣದಲ್ಲಿ ಬೂದಿ ಗೆರೆ ಹಾಕಿ ನಾಲ್ಕು ದಿನ ತಿರುಗಿಸಿ ಅಂದೆ. ಕಣ್ಣು ಮುಂದಿನ ಚಕ್ರದ ಮೇಲಲ್ಲ, ಮುಂದಿನ ತಿರುವಿನ ಮೇಲಿರಲಿ. ಪಾಸಾದರೆ ಹತ್ತೊಂಬತ್ತರ ಹುಡುಗನಿಗೆ ನಲವತ್ತು ತುಂಬೋವರೆಗೆ ಚಿಂತೆ ಇಲ್ಲ, ಅಪ್ಪನಿಗೆ ಅರವತ್ತರವರೆಗೆ.

ಎರಡು ತಿಂಗಳ ನಂತರ ಮತ್ತೆ ಫೋನ್ ಬಂತು. ಮಗ ಪಾಸು. ಅಪ್ಪ ಎರಡನೇ ತಿರುವಿನಲ್ಲಿ ಕಾಲು ಕೊಟ್ಟುಬಿಟ್ಟರಂತೆ. ಫೇಲಾದರೆ ಏಳು ದಿನ ಬಿಟ್ಟು ಮತ್ತೆ ಹೋಗಬಹುದು, ಮೂರು ಸಲ ತಪ್ಪಿದರೆ ಮಾತ್ರ ಅರವತ್ತು ದಿನ ಕಾಯಬೇಕು ಅಂದೆ.

‘ಗೊತ್ತೈತ್ರೀ ಸರ. ಮುಂದಿನ ವಾರ ಹೊಂಟೀನಿ. ಈ ಸಲ ಹಿಂದ ಕುಂದ್ರಾಕ ಮಗ ಅದಾನ.’