ಗದಗ ಸೀಮೆಯ ಹತ್ತಿ ಹುಡುಕಿದ ಬಂದರು

1861ರಲ್ಲಿ ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವೆ ಯುದ್ಧ ಹೊತ್ತಿಕೊಂಡಿತು. ದಕ್ಷಿಣದ ಬಂದರುಗಳ ಬಾಯಿಗೆ ಉತ್ತರದವರ ಯುದ್ಧನೌಕೆಗಳು ಕಾವಲು ನಿಂತವು. ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳಿಗೆ ಬರುತ್ತಿದ್ದ ಹತ್ತಿ ಹೆಚ್ಚುಕಡಿಮೆ ನಿಂತೇಹೋಯಿತು. ಗಿರಣಿಯವರು ಕಂಗಾಲಾಗಿ ನೋಡಿದ್ದು ಎರಡು ಕಡೆಗೆ. ಒಂದು ನೈಲ್ ನದಿಯ ಮುಖಜ ಭೂಮಿ, ಇನ್ನೊಂದು ಹಿಂದೂಸ್ತಾನದ ಎರೆಭೂಮಿ. ಆ ಎರೆಭೂಮಿಯಲ್ಲಿ ಅವರಿಗೆ ವಿಶೇಷ ಆಸೆ ಹುಟ್ಟಿಸಿದ್ದು ಅಂದಿನ ಧಾರವಾಡ ಜಿಲ್ಲೆ, ಅದರೊಳಗೂ ಗದಗ, ಬೆಟಗೇರಿಯ ಸುತ್ತಿನ ಸೀಮೆ. ಈಜಿಪ್ಟಿನ ಹತ್ತಿ ಸಾಗಿಸಲು ಮೆಡಿಟರೇನಿಯನ್ ದಂಡೆಯ ಅಲೆಕ್ಸಾಂಡ್ರಿಯ ಇತ್ತು. ನಮ್ಮ ಹತ್ತಿಗೆ ಉತ್ತರ ಕನ್ನಡದ ಕುಮಟಾ ಇತ್ತು, ಕಾರವಾರ ಬಂದರು ಇನ್ನೂ ಆಗಬೇಕಿತ್ತು.

ಮೊದಲು ಹೊಲದ ಮಾತು. ಎರೆಮಣ್ಣಿನ ಜೇಡಿಯಲ್ಲಿ ನೀರು ಕುಡಿದು ಉಬ್ಬುವ, ಒಣಗಿದಾಗ ಕುಗ್ಗಿ ಬಿರುಕು ಬಿಡುವ ಖನಿಜಗಳಿವೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆ ಬೀಳುವ ನಾಡಿನಲ್ಲಿ ಈ ಗುಣವೇ ದೊಡ್ಡ ಆಸ್ತಿ. ಆಗಸ್ಟ್–ಸೆಪ್ಟೆಂಬರಿನಲ್ಲಿ ಬಿತ್ತಿದ ಹತ್ತಿ ಮಳೆ ನಿಂತ ಮೇಲೂ ಮಣ್ಣಿನ ಒಡಲಲ್ಲಿ ಉಳಿದ ತೇವದಿಂದ ಬದುಕುತ್ತದೆ, ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕಾಯಿ ಒಡೆಯುತ್ತದೆ. ತಲೆತಲಾಂತರದಿಂದ ಇಲ್ಲಿ ಬೆಳೆದದ್ದು ಜವಾರಿ ಹತ್ತಿ. ಸಸ್ಯಶಾಸ್ತ್ರದಲ್ಲಿ ಗಾಸಿಪಿಯಂ ಹರ್ಬೇಸಿಯಂ. ಕುಮಟಾದಲ್ಲಿ ಹಡಗು ಹತ್ತುತ್ತಿತ್ತೆಂದು ಪೇಟೆಯವರು ಇದನ್ನು ‘ಕುಂಪ್ಟಾ’ ಎಂದೇ ಕರೆದರು.

1840ರ ದಶಕದಲ್ಲಿ ಇನ್ನೊಂದು ಹತ್ತಿ ಬಂತು. ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ತೋಟಗಾರರನ್ನೇ ಕರೆಸಿ, ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ಮಾಡಿಸಿ, ನ್ಯೂ ಆರ್ಲಿಯನ್ಸ್ ಬೀಜ ಹಾಕಿಸಿತು. ದೇಶದ ಬಹುಕಡೆ ಸೋತ ಆ ಬೀಜ ಇಲ್ಲಿ ಒಗ್ಗಿತು. ‘ಧಾರವಾಡ ಅಮೆರಿಕನ್’ ಎಂಬ ಹೆಸರಿನಲ್ಲಿ ಲಿವರ್‌ಪೂಲ್ ಪೇಟೆಯವರೆಗೂ ಹೋಯಿತು. ಜವಾರಿಗೆ 26 ವರ್ಣತಂತುಗಳು, ಅಮೆರಿಕದ ಗಾಸಿಪಿಯಂ ಹರ್ಸುಟಂಗೆ 52. ಹಾಗಾಗಿ ಪಕ್ಕದ ಸಾಲಿನಲ್ಲಿ ನಿಂತರೂ ಇವೆರಡರ ಸಂಕರದಿಂದ ಫಲ ಕೊಡುವ ತಳಿ ಸುಲಭಕ್ಕೆ ಹುಟ್ಟುವುದಿಲ್ಲ. ಹೊಲದಲ್ಲಿ ಬೆರೆಯದ ತಳಿಗಳು ಬೆರೆತದ್ದು ಕಾಳು ಬೇರ್ಪಡಿಸುವ ಜಿನ್ನಿನಲ್ಲಿ ಮತ್ತು ವ್ಯಾಪಾರಿಯ ಗೋದಾಮಿನಲ್ಲಿ. ಜವಾರಿ ಹತ್ತಿಯ ಕಾಳು ಬಿಡಿಸಲು ಕಾಲಿನಿಂದ ಉರುಳಿಸುವ ಕಬ್ಬಿಣದ ಗುಂಡು ಸಾಕಿತ್ತು. ಅಮೆರಿಕದ ಅರಳೆ ಬೀಜಕ್ಕೆ ಬಿಗಿಯಾಗಿ ಕಚ್ಚಿಕೊಂಡಿರುತ್ತಿದ್ದರಿಂದ ಅದಕ್ಕೆ ಗರಗಸದ ಹಲ್ಲಿನ ಜಿನ್ ಬೇಕಾಯಿತು. ಅವುಗಳನ್ನು ಮಾಡಲು, ದುರಸ್ತಿ ಮಾಡಲು ಧಾರವಾಡದಲ್ಲಿ ಸರ್ಕಾರಿ ಕಾರ್ಖಾನೆಯೇ ನಡೆಯಿತು. ಯುದ್ಧಕಾಲದಲ್ಲಿ ಬೆಲೆ ಏರುತ್ತಲೇ ಒಳ್ಳೆಯ ಅರಳೆಯೊಳಗೆ ಕಾಳು, ಮಣ್ಣು, ಕೀಳು ಹತ್ತಿ ಸೇರತೊಡಗಿದವು. 1863ರಲ್ಲಿ ಮುಂಬಯಿ ಸರ್ಕಾರ ಕಲಬೆರಕೆ ತಡೆಯಲು ಕಾಯ್ದೆ ತರಬೇಕಾಯಿತು.

ಬೆಳೆದದ್ದಾಯಿತು, ಬಿಡಿಸಿದ್ದಾಯಿತು. ನಿಜವಾದ ಕಷ್ಟ ಶುರುವಾಗುತ್ತಿದ್ದದ್ದು ಆಮೇಲೆ. ಏಪ್ರಿಲ್‌ವರೆಗೆ ಬಿಡಿಸಿದ ಹತ್ತಿ ಜೂನಿನ ಒಳಗೆ ಕಡಲು ಮುಟ್ಟಲೇಬೇಕು. ಗದಗಿನಿಂದ ಹುಬ್ಬಳ್ಳಿ, ಶಿರಸಿ, ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಇನ್ನೂರು ಕಿಲೋಮೀಟರಿಗೂ ಮಿಕ್ಕಿದ ಎತ್ತಿನ ದಾರಿ. ಕುಮಟಾ ಬಂದರಿಗೆ ಮರೆಯೆಂಬುದಿಲ್ಲ. ದೊಡ್ಡ ಹಡಗು ದೂರದಲ್ಲೇ ಲಂಗರು ಹಾಕಬೇಕು, ಅಂಡಿಗೆಗಳನ್ನು ಸಣ್ಣ ದೋಣಿಗಳಲ್ಲಿ ಒಯ್ದು ಏರಿಸಬೇಕು. ನೈಋತ್ಯ ಮಾರುತ ಬೀಸಿತೆಂದರೆ ಅಲ್ಲಿಗೆ ವ್ಯಾಪಾರ ಮುಗಿಯಿತು. ಸಾವಿರಾರು ಕಿಲೋಮೀಟರ್ ಸಾಗರದ ಮೇಲೆ ಬೀಸಿ ಬರುವ ಗಾಳಿ ಎಬ್ಬಿಸಿದ ಅಲೆಗಳಿಗೆ ಆ ದಂಡೆಯಲ್ಲಿ ತಡೆಯೇ ಇಲ್ಲ.

ಕಾರವಾರ ಹಾಗಲ್ಲ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ಉತ್ತುಂಗದಲ್ಲಿ, ಸಮುದ್ರದ ಮಟ್ಟ ಇಂದಿಗಿಂತ 120 ಮೀಟರಿನಷ್ಟು ಕೆಳಗಿತ್ತು. ಆಗ ಕಾರವಾರದೆದುರಿನ ದೇವಗಡ, ಕೂರ್ಮಗಡ, ಅಂಜದೀವ ನಡುಗಡ್ಡೆಗಳಾಗಿರಲಿಲ್ಲ, ಬಯಲಿನಲ್ಲಿ ಎದ್ದ ಗುಡ್ಡಗಳಾಗಿದ್ದವು. ಹಿಮ ಕರಗಿ ನೀರು ಏರಿದಾಗ ತಗ್ಗುಗಳು ಮುಳುಗಿ, ತುದಿಗಳು ಉಳಿದವು. ಇಂದು ಅವೂ ಬೈತಖೋಲದ ಬಳಿ ಸಮುದ್ರಕ್ಕೆ ಚಾಚಿದ ಗುಡ್ಡದ ಮೂಗೂ ಸೇರಿ ಅಲೆಗೆ ಅಡ್ಡ ನಿಲ್ಲುತ್ತವೆ. ಮನುಷ್ಯ ಕಲ್ಲು ಸುರಿದು ಕಟ್ಟಬೇಕಾದ ಅಡ್ಡಗೋಡೆಯ ಬಹುಪಾಲನ್ನು ಇಲ್ಲಿ ಭೂವಿಜ್ಞಾನವೇ ಕಟ್ಟಿಟ್ಟಿದೆ. ಇದನ್ನು ಕಂಡೇ ಬ್ರಿಟಿಷರು ಉತ್ತರ ಕನ್ನಡವನ್ನು 1862ರಲ್ಲಿ ಮದರಾಸು ಪ್ರಾಂತದಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಹತ್ತಿ ಬೆಳೆಯುವ ಧಾರವಾಡವೂ ಹತ್ತಿ ಸಾಗಿಸುವ ಕಾರವಾರವೂ ಒಂದೇ ಆಡಳಿತದಡಿ ಬರಲಿ ಎಂಬುದು ಲೆಕ್ಕ. ಗಿರಣಿ ಮಾಲೀಕರ ಒತ್ತಾಯಕ್ಕೆ ಒಂದು ಜಿಲ್ಲೆಯ ಗಡಿಯೇ ಬದಲಾದದ್ದು ನನಗೆ ಇಂದಿಗೂ ಬೆರಗಿನ ವಿಷಯ. 1864ರಲ್ಲಿ ದೇವಗಡದ ನೆತ್ತಿಯಲ್ಲಿ ದೀಪಸ್ತಂಭ ಎದ್ದಿತು. ಘಟ್ಟದ ರಸ್ತೆಗಳ ಕೆಲಸ ಮಾತ್ರ ಕುಂಟುತ್ತಲೇ ಇತ್ತು. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಕಾರವಾರದ ಪಕ್ಕದ ಸದಾಶಿವಗಡದ ದಂಡೆಗೆ ಯಂತ್ರಗಳನ್ನು ತಂದಿಳಿಸಿದಾಗ ಅವನ್ನು ಮೇಲಕ್ಕೆ ಎಳೆದೊಯ್ಯಲು ಸರಿಯಾದ ದಾರಿಯಿರಲಿಲ್ಲ.

ಅದೇ ವರ್ಷಗಳಲ್ಲಿ ಅಲೆಕ್ಸಾಂಡ್ರಿಯ ಏನು ಮಾಡಿತು? ಕ್ರಿ.ಪೂ. 331ರಲ್ಲಿ ಅಲೆಕ್ಸಾಂಡರ್ ಅದಕ್ಕೆ ಆರಿಸಿದ ಜಾಗವೇ ಜಾಣತನದ್ದು. ಆ ಕರಾವಳಿಯ ಪ್ರವಾಹ ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತದೆ. ನಗರ ನೈಲ್ ಮುಖಜ ಭೂಮಿಯ ಪಶ್ಚಿಮ ಅಂಚಿನಲ್ಲಿರುವುದರಿಂದ ನದಿ ಹೊತ್ತು ತರುತ್ತಿದ್ದ ಹೂಳು ಬಂದರನ್ನು ತುಂಬದೆ ಆಚೆಗೆ ಸಾಗಿತು. ಫ್ಯಾರೋಸ್ ದ್ವೀಪವನ್ನು ಒಡ್ಡು ಹಾಕಿ ನೆಲಕ್ಕೆ ಸೇರಿಸಿದ್ದರಿಂದ ಎರಡು ಬಂದರುಗಳಾದವು. ಆ ದ್ವೀಪದಲ್ಲೇ ಕ್ರಿ.ಪೂ. 280ರ ಸುಮಾರಿಗೆ ನೂರು ಮೀಟರಿನಷ್ಟು ಎತ್ತರದ ದೀಪಸ್ತಂಭ ನಿಂತಿತು. ಭೂಕಂಪಗಳು ಅದನ್ನು ಕೆಡವಿದವು. ಅದೇ ಜಾಗದಲ್ಲಿ 1477ರ ಹೊತ್ತಿಗೆ ಸುಲ್ತಾನ ಕೈತ್‌ಬೇ ಕೋಟೆ ಕಟ್ಟಿಸಿದ. ಕೋಟೆಯ ಬುಡದ ನೀರಿನಲ್ಲಿ 1994ರಿಂದ ಫ್ರೆಂಚ್ ಪುರಾತತ್ವಜ್ಞರು ಮುಳುಗಿ ನೋಡಿದಾಗ ಸ್ತಂಭದ ಭಾರಿ ಕಲ್ಲುಗಳೂ ಪ್ರತಿಮೆಗಳೂ ಸಿಕ್ಕವು. ಭೂಕಂಪ ಮತ್ತು ನೆಲದ ಕುಸಿತದಿಂದ ಹಳೆಯ ದಂಡೆಯ ಒಂದು ಭಾಗವೂ ಇಂದು ನೀರಿನಡಿ ಇದೆ.

ಆದರೆ 1861ರಲ್ಲಿ ಆ ನಗರದ ಕೈಹಿಡಿದದ್ದು ಪ್ರಾಚೀನ ವೈಭವವಲ್ಲ. 1820ರ ಹೊತ್ತಿಗೆ ಮುಹಮ್ಮದ್ ಅಲಿ ತೋಡಿಸಿದ ಮಹಮೂದಿಯ ಕಾಲುವೆ ನೈಲ್ ನದಿಯನ್ನು ಬಂದರಿಗೆ ಜೋಡಿಸಿತ್ತು. 1856ಕ್ಕೆ ಕೈರೋದಿಂದ ರೈಲು ಬಂದಿತ್ತು. ಹಿಂದಿರುವುದು ಸಮತಟ್ಟಾದ ನೆಲ. ಹತ್ತಬೇಕಾದ ಘಟ್ಟವೇ ಇಲ್ಲ. ಯುದ್ಧದ ನಾಲ್ಕು ವರ್ಷಗಳಲ್ಲಿ ಈಜಿಪ್ಟಿನ ಹತ್ತಿ ರಫ್ತು ನಾಲ್ಕು ಪಟ್ಟಾಯಿತು. ಹದಿನೆಂಟನೆಯ ಶತಮಾನದ ಕೊನೆಗೆ ಕೆಲವೇ ಸಾವಿರ ಜನರಿದ್ದ ಊರು 1882ರ ಹೊತ್ತಿಗೆ ಎರಡು ಲಕ್ಷ ದಾಟಿತ್ತು.

1865ರಲ್ಲಿ ಯುದ್ಧ ಮುಗಿದು ಬೆಲೆ ಕುಸಿದಾಗ ಕಾರವಾರ ಇನ್ನೂ ತಯಾರಾಗುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಮುಂಬಯಿಯಿಂದ ಲಂಡನ್ನಿನ ಸಮುದ್ರದಾರಿ ನೂರಕ್ಕೆ ನಲವತ್ತರಷ್ಟು ಮೊಟಕಾಯಿತು. ನಮ್ಮ ಅಂಡಿಗೆಗಳೂ ಮೆಡಿಟರೇನಿಯನ್ ಕಡಲನ್ನೇ ಹಾಯುವಂತಾಯಿತು. ಅಷ್ಟರಲ್ಲಿ ಬಂಡಿಗಳ ಕಾಲವೂ ಮುಗಿಯುತ್ತಾ ಬಂದಿತ್ತು. ಕಾರವಾರಕ್ಕೆ ಹಳಿ ಹಾಕುವ ಮಾತು ನಡೆದರೂ, 1878ರ ಆಂಗ್ಲೋ–ಪೋರ್ಚುಗೀಸ್ ಒಪ್ಪಂದದ ನಂತರ ರೈಲು ಗೋವೆಯ ಮುರ್ಮಗೋವಾದತ್ತ ತಿರುಗಿತು. ಸದರ್ನ್ ಮರಾಠಾ ರೈಲ್ವೆಯ ಹೋಟಗಿ–ಗದಗ ಹಳಿ 1884ರಲ್ಲಿ ತೆರೆಯಿತು. ದೂಧಸಾಗರ ಜಲಪಾತದ ಪಕ್ಕದ ಘಟ್ಟದಲ್ಲಿ, ಸುಮಾರು ನಲವತ್ತು ಅಡಿ ಸಾಗಿದರೆ ಒಂದು ಅಡಿ ಏರುವ ಹಾದಿಯಲ್ಲಿ, 1888ಕ್ಕೆ ಮುರ್ಮಗೋವಾ ಮುಟ್ಟುವ ದಾರಿ ಕೂಡಿಕೊಂಡಿತು. ಕುಮಟಾದ ಹತ್ತಿ ವ್ಯಾಪಾರ ಒಣಗಿತು. ಕಾರವಾರ ರೈಲು ಕಂಡದ್ದು 1990ರ ದಶಕದಲ್ಲಿ, ಕೊಂಕಣ ರೈಲ್ವೆಯಿಂದ. ಅದೂ ದಂಡೆಯುದ್ದದ ಹಳಿ, ಘಟ್ಟ ಹತ್ತುವುದಲ್ಲ. ಘಟ್ಟ ಹತ್ತಬೇಕಾದ ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗ ಕಾಡಿನ ಪ್ರಶ್ನೆಯಲ್ಲಿ ಸಿಕ್ಕು ಇಂದಿಗೂ ಪೂರ್ಣವಾಗಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಆ ಇಳಿಜಾರುಗಳಲ್ಲಿ ಕಾಡು ಕಡಿದರೆ ಮಣ್ಣು ನಿಲ್ಲದು. ಆ ಅಂಜಿಕೆ ನ್ಯಾಯವಾದದ್ದೇ ಎಂದು ನಾನು ನಂಬುತ್ತೇನೆ.

ಬಂದರುಗಳು ಬದಲಾದರೂ ಬೀಜದ ಕೆಲಸ ನಿಲ್ಲಲಿಲ್ಲ. ಧಾರವಾಡ ಅಮೆರಿಕನ್ನಿನಿಂದ ಆರಿಸಿ ತೆಗೆದ ‘ಗದಗ–1’, ಅದನ್ನು ಕಾಂಬೋಡಿಯಾ ಹತ್ತಿಯೊಂದಿಗೆ ಸಂಕರಿಸಿದ ‘ಲಕ್ಷ್ಮಿ’, ಜವಾರಿ ಕುಲದ ‘ಜಯಧರ’ ಇವೆಲ್ಲ ಈ ಸೀಮೆಯ ಹೊಲಗಳಲ್ಲಿ ಬೆಳೆದ ಹೆಸರುಗಳು. 1981ರಲ್ಲಿ ಧಾರವಾಡದಿಂದ ಬಿಡುಗಡೆಯಾದ ‘ಡಿಸಿಎಚ್–32’, ಅಂದರೆ ಜಯಲಕ್ಷ್ಮಿ, ಹರ್ಸುಟಂ ಮತ್ತು ಬಾರ್ಬಡೆನ್ಸ್ ಪ್ರಭೇದಗಳ ಸಂಕರ. ಬಾರ್ಬಡೆನ್ಸ್ ಎಂದರೆ ಅಲೆಕ್ಸಾಂಡ್ರಿಯವನ್ನು ಶ್ರೀಮಂತಗೊಳಿಸಿದ ಉದ್ದೆಳೆಯ ಹತ್ತಿಯ ಪ್ರಭೇದ. ಅದಕ್ಕೂ 52 ವರ್ಣತಂತುಗಳಿರುವುದರಿಂದ ಈ ಕೂಡಿಕೆ ಸಾಧ್ಯವಾಯಿತು. ಜವಾರಿಯ ಎಳೆ ಇಪ್ಪತ್ತು ಮಿಲಿಮೀಟರ್ ಚಿಲ್ಲರೆ. ಜಯಲಕ್ಷ್ಮಿಯದು ಮೂವತ್ತು ದಾಟುವ ಎಳೆ. ಆದರೆ ಅದಕ್ಕೆ ನೀರು ಬೇಕು, ರಸ ಹೀರುವ ಕೀಟಗಳ ಕಾಟವೂ ಹೆಚ್ಚು. ಮಳೆ ಕೈಕೊಟ್ಟ ವರ್ಷ, ಆಳಕ್ಕೆ ಬೇರಿಳಿಸಿ ಎರೆಯ ಉಳಿದ ತೇವದಲ್ಲೇ ಕಾಯಿ ಕಟ್ಟುವ ತಾಕತ್ತು ಇಂದಿಗೂ ಜವಾರಿಯದೇ.